ಹೆತ್ತು 11 ದಿನ ಆಯ್ತು, ಮಗು ಸರಿಯಾಗಿ ಎದೆ ಹಿಡಿಯುತ್ತಿಲ್ಲ. ನನಗೆ ಹಾಲೇ ಇಲ್ಲವಾ?

ಹೊಳಲ್ಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಮೊದಲ ಮಗು, ಹೆಣ್ಣು. ಸಿಸೇರಿಯನ್ ಆಗಿ ಇವತ್ತಿಗೆ 11 ದಿನ. ತವರಲ್ಲಿದ್ದೇನೆ, ಹೊಳಲ್ಕೆರೆ ಹತ್ತಿರದ ಹಳ್ಳಿ. ಈಗ ರಾತ್ರಿ ಎರಡು ಗಂಟೆ, ಅವಳು ಈಗಷ್ಟೇ ಮಲಗಿದಳು, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಆಪರೇಷನ್ ದಿನ ಮಗುವನ್ನು ನನ್ನ ಪಕ್ಕಕ್ಕೆ ತಂದಿದ್ದೇ ಆರೇಳು ಗಂಟೆ ಆದ ಮೇಲೆ. ಅಷ್ಟರಲ್ಲಿ ಬಾಟಲಿಯಲ್ಲಿ ಪುಡಿ ಹಾಲು ಕುಡಿಸಿದ್ದರು. ಎದೆಗೆ ಹಾಕಿದರೆ ಎರಡು ಸಲ ಚೀಪಿ ಬಿಟ್ಟುಬಿಟ್ಟಳು. ಡ್ಯೂಟಿ ನರ್ಸ್ ಬಂದು ಮಗುವಿನ ತಲೆ ಹಿಡಿದು ಎದೆಗೆ ಒತ್ತಿ "ಹಿಂಗೇ ಹಿಡ್ಕೊಳ್ಳಿ" ಅಂದು ಹೋದರು. ನನಗೆ ಯಾರಾದರೂ ಕಲಿಸಿದ್ದು ಅಂದರೆ ಅದಿಷ್ಟೇ.

ಈಗ ಎರಡೂ ತೊಟ್ಟು ಸೀಳು ಬಿಟ್ಟಿವೆ. ನಿನ್ನೆ ರಕ್ತ ಬಂತು. ಅವಳು ಬಾಯಿ ಹಾಕಿದ ಕೂಡಲೇ ಕಾಲಿನ ಬೆರಳು ಮಡಚಿಕೊಳ್ಳುವಷ್ಟು ನೋವು. ಮುಕ್ಕಾಲು ಗಂಟೆ ಎದೆಯಲ್ಲೇ ಇರುತ್ತಾಳೆ, ನಿದ್ದೆ ಹೋಗುತ್ತಾಳೆ, ಕೆಳಗೆ ಮಲಗಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ಅಳು. ಆಗ ಅಮ್ಮ 30 ಎಂಎಲ್ ಪುಡಿ ಹಾಲು ಬಾಟಲಿಯಲ್ಲಿ ಕೊಡುತ್ತಾರೆ, ಕುಡಿದು ಸುಮ್ಮನಾಗುತ್ತಾಳೆ. ದಿನಕ್ಕೆ ನಾಲ್ಕೈದು ಸಲ ಹೀಗೆ ಆಗುತ್ತಿದೆ. ಪಂಪ್ ತರಿಸಿ ನೋಡಿದೆ, ಎರಡೂ ಕಡೆ ಸೇರಿ 15 ಎಂಎಲ್ ಬಂತು. ಅದನ್ನು ನೋಡಿ ಎಲ್ಲರೂ ಹಾಲಿಲ್ಲ ಅಂತ ತೀರ್ಮಾನ ಮಾಡಿಬಿಟ್ಟರು. ಅತ್ತೆ ಫೋನಲ್ಲಿ "ನಮ್ಮ ಮನೇಲಿ ಯಾರಿಗೂ ಹಾಲಿಗೆ ಕೊರತೆ ಆಗಿರಲಿಲ್ಲ" ಅಂದರು. ಬೇಕಂತ ಅಂದಿದ್ದಲ್ಲ, ಆದರೂ ಆಮೇಲೆ ನಾನು ತುಂಬಾ ಅತ್ತುಬಿಟ್ಟೆ.

ಹುಟ್ಟಿದಾಗ 2.9 ಕೆಜಿ. ಡಿಸ್ಚಾರ್ಜ್ ದಿನ, ಅಂದರೆ ನಾಲ್ಕನೇ ದಿನ, 2.68. ಇವತ್ತು 2.74. ಡಾಕ್ಟರು ಸದ್ಯಕ್ಕೆ ಪುಡಿ ಹಾಲು ಮುಂದುವರಿಸಿ, ಎದೆಹಾಲೂ ಕೊಡಿ ಅಂದಿದ್ದಾರೆ.

ಇನ್ನೊಂದು ವಿಷಯ. ಅಮ್ಮ ನನಗೆ ನೀರು ಜಾಸ್ತಿ ಕೊಡುತ್ತಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಹೊಲಿಗೆ ಒಣಗಲ್ಲ ಅನ್ನುತ್ತಾರೆ. ದಿನಕ್ಕೆ ಮೂರು ಲೋಟ, ಅದೂ ಜೀರಿಗೆ ಹಾಕಿ ಕಾಯಿಸಿದ್ದು.

ನನಗೆ ನಿಜವಾಗಲೂ ಹಾಲಿಲ್ಲವಾ? ಇಷ್ಟು ದಿನ ಆದ ಮೇಲೂ ಇದನ್ನು ಕಲಿಯಬಹುದಾ? ಯಾರಾದರೂ ಹೇಳಿ.

ಎರಡು ಮಕ್ಕಳ ತಾಯಿ, ಹುಬ್ಬಳ್ಳಿ

ತಂಗಿ, ಮೊದಲು ಒಂದು ಚೊಂಬು ನೀರು ಕುಡಿದು ಬಾ, ಆಮೇಲೆ ಓದು.

ನೀನು ಬರೆದಿದ್ದು ಓದುವಾಗ ನನ್ನ ಮೊದಲ ಬಾಣಂತನ ಕಣ್ಣ ಮುಂದೆ ಬಂತು. ನನಗೂ ಹಾಲಿಲ್ಲ ಅಂದರು. ಒಂದೂವರೆ ತಿಂಗಳಿಗೆ ದೊಡ್ಡವನು ಪೂರ್ತಿ ಬಾಟಲಿಗೆ ಹೋದ. ಅವನೀಗ ಏಳು ವರ್ಷದವನು, ಚೆನ್ನಾಗಿದ್ದಾನೆ, ಆ ವಿಷಯಕ್ಕೆ ನನಗೆ ಭಯ ಇಲ್ಲ. ಆದರೆ ಆ ಒಂದೂವರೆ ತಿಂಗಳು ನಾನೇ ಸರಿ ಇಲ್ಲ, ನನ್ನ ಮೈಯೇ ಸರಿ ಇಲ್ಲ ಅಂತ ನಂಬಿಕೊಂಡು ಕೂತಿದ್ದೆನಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಎರಡನೆಯವಳು ಹುಟ್ಟಿದಾಗಲೂ ಮೊದಲೆರಡು ದಿನ ಅದೇ ಕಥೆ. ಈ ಸಲ ಒಬ್ಬ ಹಿರಿಯ ನರ್ಸ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಅರ್ಧ ಗಂಟೆ ಕೂತರು. ನನ್ನ ಎದೆ ಮುಟ್ಟಲೂ ಇಲ್ಲ, ಮಗುವನ್ನೂ ಒತ್ತಲಿಲ್ಲ. ಸುಮ್ನೆ ನೋಡುತ್ತಾ "ಇನ್ನೂ ಬಾಯಿ ತೆರೀಲಿ, ಕಾಯಿ, ಈಗ ಅಲ್ಲ, ಹಾಂ ಈಗ" ಅಂದರು. ಐದಾರು ಸಲ ತಪ್ಪಿತು. ಆಮೇಲೆ ಒಂದು ಸಲ ಸರಿಯಾಗಿ ಹಿಡಿದಳು ನೋಡು, ನೋವೇ ಇಲ್ಲ! ನೋವಿಲ್ಲದೆ ಹಾಲು ಕುಡಿಸಬಹುದು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಅವಳು ಎರಡು ವರ್ಷ ಎರಡು ತಿಂಗಳು ಕುಡಿದಳು. ಅದೇ ಮೈ, ಅದೇ ಎದೆ. ಪಕ್ಕದಲ್ಲಿ ಕೂತು ನೋಡಿದವರು ಇದ್ದರು, ಅದೊಂದೇ ವ್ಯತ್ಯಾಸ.

ಅಂಟಿನುಂಡೆ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಎಲ್ಲ ತಿನ್ನು, ಬಾಯಿಗೆ ರುಚಿ, ಮೈಗೆ ಒಳ್ಳೆಯದು. ಆದರೆ ಮಗು ಸರಿಯಾಗಿ ಹಿಡಿಯದಿದ್ದರೆ ಎಷ್ಟು ಉಂಡೆ ತಿಂದರೂ ಹಾಲು ಜಾಸ್ತಿ ಆಗಲ್ಲ. ನಿಮ್ಮೂರಿನ ಹತ್ತಿರ ತಿಳಿದವರು ಯಾರಾದರೂ ಇದ್ದರೆ ಇವತ್ತೇ ಹೋಗು.

ಹೆರಿಗೆ ವಾರ್ಡ್ ನರ್ಸಕ್ಕ

ನಾನು 18 ವರ್ಷದಿಂದ ಸರ್ಕಾರಿ ಆಸ್ಪತ್ರೆ ಹೆರಿಗೆ ವಾರ್ಡಿನಲ್ಲಿದ್ದೇನೆ. ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡ ತಂಗಿ. ಮಗು ಮಲಗಿದಾಗ ಸ್ವಲ್ಪ ಸ್ವಲ್ಪವೇ ಓದು.

ಮೊದಲು ತೂಕದ ವಿಷಯ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ಶೇಕಡ 10ರ ಒಳಗೆ ಇದ್ದರೆ ಸಾಮಾನ್ಯವಾಗಿ ಗಾಬರಿ ಇಲ್ಲ. ನಿನ್ನ ಮಗು ಇಳಿದಿದ್ದು ಶೇಕಡ 8ರ ಒಳಗೇ ಇದೆ. ಆದರೆ ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ಏಳು ದಿನಕ್ಕೆ 60 ಗ್ರಾಂ ಕಡಿಮೆ. ಅದಕ್ಕೇ ಡಾಕ್ಟರು ಪುಡಿ ಹಾಲು ಮುಂದುವರಿಸಿ ಅಂದಿದ್ದು ಸರಿ. ಯಾರದೋ ಮಾತು ಕೇಳಿ ನಾಳೆಯಿಂದಲೇ ಪೂರ್ತಿ ನಿಲ್ಲಿಸಬೇಡ. ಮಗುವಿನ ಹೊಟ್ಟೆ ತುಂಬುವುದು ಮೊದಲು, ಅದರ ಜೊತೆಗೇ ನಿನ್ನ ಹಾಲು ಹೆಚ್ಚಿಸುವ ಕೆಲಸ.

ಹಾಲಿದೆಯೋ ಇಲ್ಲವೋ ಅಂತ ಪಂಪ್ ಹೇಳಲಾರದು. ಯಂತ್ರಕ್ಕೂ ಮಗುವಿನ ಬಾಯಿಗೂ ಎಲ್ಲಿಯ ಹೋಲಿಕೆ? ನೋವು, ಭಯ, ಪಕ್ಕದಲ್ಲಿ ನಾಲ್ಕು ಜನ ಎಷ್ಟು ಬಂತು ಅಂತ ನೋಡುತ್ತಾ ನಿಂತಿರುವುದು, ಇಷ್ಟಿದ್ದರೆ ಯಾರಿಗೂ ಹಾಲು ಇಳಿಯಲ್ಲ. ಮಗು ಒದ್ದೆ ಮಾಡಿದ್ದನ್ನು ಲೆಕ್ಕ ಇಡು. ಐದನೇ ದಿನ ದಾಟಿದ ಮಗು 24 ಗಂಟೆಯಲ್ಲಿ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ಬಣ್ಣ ತಿಳಿಯಾಗಿರಬೇಕು. ಕಕ್ಕ ಹಳದಿಗೆ ತಿರುಗಿರಬೇಕು, ಸಾಸಿವೆ ಕಾಳು ಕಲಸಿದಂತೆ ಕಾಣುತ್ತದೆ. ಡೈಪರ್ ಬಿಟ್ಟು ಹಗಲು ಹೊತ್ತು ಬಟ್ಟೆ ಕಟ್ಟಿದರೆ ಲೆಕ್ಕ ಸುಲಭ.

ಈಗ ಮುಖ್ಯವಾದದ್ದು. ಮಗು ಕುಡಿಯುವುದು ಎದೆಯನ್ನು, ತೊಟ್ಟನ್ನಲ್ಲ. ತೊಟ್ಟು ಮಾತ್ರ ಬಾಯಲ್ಲಿದ್ದರೆ ಅದು ಮಗುವಿನ ಗಟ್ಟಿ ಅಂಗುಳಕ್ಕೆ ಉಜ್ಜಿ ಒಡೆಯುತ್ತದೆ, ಹಾಲೂ ಬರಲ್ಲ. ತೊಟ್ಟಿನ ಸುತ್ತಿನ ಕಪ್ಪು ಭಾಗದಲ್ಲಿ ಹೆಚ್ಚಿನದು ಬಾಯೊಳಗೆ ಹೋಗಬೇಕು, ಅದರಲ್ಲೂ ಕೆಳಗಿನ ಭಾಗ. ಅಮ್ಮ "ನಿನ್ನ ತೊಟ್ಟು ಹೊರಗೆ ಚಾಚಿಲ್ಲ, ಒಳಕ್ಕೆ ಸೇರಿಕೊಂಡಿದೆ" ಅಂತ ಹೇಳಿದರೂ ಹೆದರಬೇಡ, ಅಂಥ ಎಷ್ಟೋ ತಾಯಂದಿರು ನನ್ನ ವಾರ್ಡಿನಿಂದ ಚೆನ್ನಾಗಿ ಕುಡಿಸುತ್ತಾ ಮನೆಗೆ ಹೋಗಿದ್ದಾರೆ.

ನಿನಗೆ ಹೊಟ್ಟೆ ಮೇಲೆ ಹೊಲಿಗೆ ಇದೆ, ಹಾಗಾಗಿ ಮಗುವನ್ನು ಅಡ್ಡ ಮಲಗಿಸಿಕೊಳ್ಳದೆ ಕಂಕುಳಲ್ಲಿ ಹಿಡಿ. ಮೊರವನ್ನು ಕಂಕುಳಲ್ಲಿ ಅವಚಿಕೊಂಡು ಹೋಗುತ್ತೇವಲ್ಲ, ಹಾಗೆ. ಬೆನ್ನಿಗೆ ಗೋಡೆ, ಪಕ್ಕಕ್ಕೆ ಎರಡು ದಿಂಬು, ಮಗುವಿನ ಕಾಲು ನಿನ್ನ ಬೆನ್ನಿನ ಕಡೆ. ನೀನು ಬಗ್ಗಬೇಡ, ಮಗುವನ್ನು ನಿನ್ನ ಎತ್ತರಕ್ಕೆ ತಾ. ತಲೆಯ ಹಿಂಭಾಗ ಹಿಡಿಯಲೇಬೇಡ. ಹೆಬ್ಬೆರಳು ಒಂದು ಕಿವಿಯ ಹಿಂದೆ, ಉಳಿದ ಬೆರಳು ಇನ್ನೊಂದು ಕಿವಿಯ ಹಿಂದೆ, ಅಂಗೈ ಮಗುವಿನ ಕತ್ತು ಮತ್ತು ಬೆನ್ನಿಗೆ ಆಸರೆ. ತಲೆ ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ, ಅದನ್ನೇ ನೋಡಿ "ಎದೆ ಬೇಡ ಅಂತಿದೆ" ಅನ್ನುತ್ತಾರೆ. ಪಾಪ, ಅದಕ್ಕೆ ಬೇಡ ಅಂತಲ್ಲ, ಉಸಿರು ಕಟ್ಟುತ್ತದೆ ಅಂತ.

ಇನ್ನೊಂದು ಕೈಯಲ್ಲಿ ಎದೆ ಹಿಡಿ, ಬೆರಳು ಕಪ್ಪು ಭಾಗದಿಂದ ದೂರ ಇರಲಿ. ಹೋಳಿಗೆ ಮಡಚಿ ಬಾಯಿಗಿಡುವಾಗ ತುಟಿಗೆ ಸಮವಾಗಿ ಹಿಡಿಯುತ್ತೇವೆ ಅಲ್ವಾ, ಹಾಗೆ ಮಗುವಿನ ತುಟಿ ಯಾವ ಕಡೆಗಿದೆಯೋ ಅದಕ್ಕೆ ಸಮವಾಗಿ ಮೆತ್ತಗೆ ಒತ್ತು. ಮಗುವಿನ ಮೂಗು ನಿನ್ನ ತೊಟ್ಟಿನ ಎದುರಿಗೆ ಬರಬೇಕು, ಬಾಯಿ ಅಲ್ಲ, ಮೂಗು. ತೊಟ್ಟಿನಿಂದ ಮೇಲ್ತುಟಿ ಸವರು. ಬಾಯಿ ಅರ್ಧ ತೆರೆದಾಗ ಹಾಕಬೇಡ. ಆಕಳಿಸುವಷ್ಟು ದೊಡ್ಡದಾಗಿ ತೆರೆಯುವವರೆಗೆ ಕಾಯಿ. ತೆರೆದ ಕೂಡಲೇ ಮಗುವನ್ನು ಎದೆಯ ಹತ್ತಿರ ತಾ, ಗಲ್ಲ ಮೊದಲು ತಾಗಬೇಕು.

ಸರಿಯಾಗಿ ಹಿಡಿದರೆ ಗಲ್ಲ ಎದೆಗೆ ಅಂಟಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಗುಳಿ ಬೀಳದೆ ಉಬ್ಬಿರುತ್ತದೆ, ಕಪ್ಪು ಭಾಗ ಮೇಲೆ ಜಾಸ್ತಿ ಕಾಣುತ್ತದೆ, ಕೆಳಗೆ ಕಡಿಮೆ. ಹಾಲು ಇಳಿದ ಮೇಲೆ ಗುಟುಕು ನುಂಗುವ ಸದ್ದು ಕೇಳುತ್ತದೆ. ಟಕ್ ಟಕ್ ಅಂತ ಸದ್ದು ಬಂದರೆ ಹಿಡಿತ ಬಿಟ್ಟಿದೆ ಅಂತ. ಮೊದಲ ಕೆಲವು ಕ್ಷಣ ಬಿಟ್ಟು ಆಮೇಲೂ ನೋವಿದ್ದರೆ ಹಲ್ಲು ಕಚ್ಚಿಕೊಂಡು ಕೂರಬೇಡ. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ ಮತ್ತೆ ಹಾಕು. ಹತ್ತು ಸಲ ಆದರೂ ಸರಿ. ಸುಮ್ನೆ ಎಳೆದು ಬಿಡಿಸಬೇಡ, ಸೀಳು ಹೆಚ್ಚಾಗುತ್ತದೆ.

ಸೀಳಿಗೆ ನಿನ್ನದೇ ಹಾಲು ಒಂದೆರಡು ಹನಿ ಸವರಿ ಗಾಳಿಗೆ ಒಣಗಲು ಬಿಡು, ಸೋಪು ಹಾಕಬೇಡ. ಹಿಡಿತ ಸರಿ ಆದರೆ ಕೆಲವೇ ದಿನದಲ್ಲಿ ಮಾಯುತ್ತದೆ. ಸ್ವಲ್ಪ ರಕ್ತ ಮಗುವಿನ ಹೊಟ್ಟೆಗೆ ಹೋದರೂ ತೊಂದರೆ ಇಲ್ಲ.

ನೀರು ಬಾಯಾರಿದಾಗೆಲ್ಲ ಕುಡಿ. ಹೊಲಿಗೆಗೂ ನೀರಿಗೂ ಸಂಬಂಧ ಇಲ್ಲ, ಹೊಟ್ಟೆ ಬರುವುದೂ ನೀರಿನಿಂದ ಅಲ್ಲ. ಇದನ್ನು ಅಮ್ಮನಿಗೆ ಓದಿ ಹೇಳು, ನರ್ಸ್ ಹೇಳಿದ್ದು ಅಂತ ಹೇಳು.

ನಾಡಿದ್ದು ಬಿಟ್ಟು ಆಚೆ ನಾಡಿದ್ದು 14ನೇ ದಿನ ಅಲ್ವಾ? ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ 3, 7, 14, 21, 28, 42ನೇ ದಿನ ಬಂದು ಮಗು ತೂಕ ನೋಡುವುದು ಅವರ ಕೆಲಸ. ಗಂಡನ ಮನೆ ಊರಿನ ತಾಯಿ ಕಾರ್ಡ್ ಇದ್ದರೂ ಪರವಾಗಿಲ್ಲ, ತವರಿನ ಆಶಾಗೆ ಫೋನ್ ಮಾಡಿ ಕರೆಸು.

ಹೊಳಲ್ಕೆರೆ ಹುಡುಗಿ

ಅಕ್ಕ, ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸುತ್ತಿದೆ. ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಹೋಗಿ ಒಂದು ತಂಬಿಗೆ ಬಿಸಿನೀರು ತಂದಿಟ್ಟರು.

ಎರಡು ಪ್ರಶ್ನೆ. ಅವಳು ಎದೆಗೆ ಹಾಕಿದ ಐದು ನಿಮಿಷಕ್ಕೇ ನಿದ್ದೆ ಹೋಗುತ್ತಾಳೆ, ಏನು ಮಾಡಲಿ? ಮತ್ತೆ ಪುಡಿ ಹಾಲು ಕೊಡಲೇಬೇಕಾದರೆ ಬಾಟಲಿ ಬಿಟ್ಟು ಬೇರೆ ದಾರಿ ಇದೆಯಾ? ಇವತ್ತು ಒದ್ದೆ ಬಟ್ಟೆ ಲೆಕ್ಕ ಹಾಕಿದೆ, ಬೆಳಗಿನಿಂದ ಸಂಜೆವರೆಗೆ ಐದು.

ಹೆರಿಗೆ ವಾರ್ಡ್ ನರ್ಸಕ್ಕ

ಹಗಲಲ್ಲೇ ಐದು ಒಳ್ಳೆಯ ಸುದ್ದಿ.

ನಿದ್ದೆಗೆ: ಮಗುವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕುಡಿಸುತ್ತೀರಿ ಅಂತ ಕಾಣುತ್ತದೆ. ಬಿಚ್ಚು. ಬರೀ ಲಂಗೋಟಿಯಲ್ಲಿ ನಿನ್ನ ಬರಿ ಎದೆಗೆ ಅಂಟಿಸಿ ಮಲಗಿಸಿಕೊ, ಮೇಲೊಂದು ಹೊದಿಕೆ ಹಾಕು. ಚೀಪುವುದು ನಿಧಾನವಾದಾಗ ಎದೆಯನ್ನು ಬುಡದ ಕಡೆಯಿಂದ ಮೆತ್ತಗೆ ಒತ್ತಿ ಹಿಡಿ, ಬಾಯಿಗೆ ಹಾಲು ಬಂದರೆ ಮತ್ತೆ ನುಂಗಲು ಶುರು ಮಾಡುತ್ತಾಳೆ. ಒಂದು ಕಡೆ ಮೆತ್ತಗಾದ ಮೇಲೆ ತೇಗಿಸಿ ಇನ್ನೊಂದು ಕಡೆಗೆ ಹಾಕು. ದಿನಕ್ಕೆ 8ರಿಂದ 12 ಸಲ, ರಾತ್ರಿಯದ್ದು ತಪ್ಪಿಸಬೇಡ, ಹಾಲು ಹುಟ್ಟಿಸುವ ಹಾರ್ಮೋನು ರಾತ್ರಿಯೇ ಜಾಸ್ತಿ.

ಬಾಟಲಿ ಬದಲು ನಿಮ್ಮ ಮನೆಯಲ್ಲಿ ಒಳಲೆ ಇರಬೇಕಲ್ಲ? ಅಜ್ಜಿಯ ಪಾತ್ರೆ ಪೆಟ್ಟಿಗೆಯಲ್ಲಿ ಹುಡುಕು. ಇಲ್ಲದಿದ್ದರೆ ಚಮಚ, ಸಣ್ಣ ಬಟ್ಟಲು ಸಾಕು. ಚೆನ್ನಾಗಿ ತೊಳೆದು ನೀರಲ್ಲಿ ಕುದಿಸಿ, ಮಗುವನ್ನು ತಲೆ ಎತ್ತರ ಮಾಡಿ ಹಿಡಿದು ಗುಟುಕು ಗುಟುಕಾಗಿ ಕೊಡು. ಬಾಟಲಿಯಲ್ಲಿ ತಾನಾಗಿ ಸುರಿಯುತ್ತದೆ, ಎದೆಯಲ್ಲಿ ಬಾಯಿ ತೆರೆದು ದುಡಿಯಬೇಕು. ಎರಡೂ ಬೇರೆ ಬೇರೆ ವಿದ್ಯೆ, ಕಲಿಯುವ ಹೊತ್ತಲ್ಲಿ ಮಗುವಿಗೆ ಗೊಂದಲ ಬೇಡ.

ಮೊದಲು ಎದೆಗೆ ಹಾಕು, ಆಮೇಲೆ ಕೈಯಲ್ಲಿ ಹಿಂಡಿದ ನಿನ್ನ ಹಾಲನ್ನು ಒಳಲೆಯಲ್ಲಿ ಕೊಡು, ಸಾಲದ್ದಕ್ಕೆ ಮಾತ್ರ ಪುಡಿ ಹಾಲು. ಕೈಯಲ್ಲಿ ಹಿಂಡಲು ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಿಂದ ಸ್ವಲ್ಪ ಹಿಂದೆ ಇಡು, ಎದೆಯ ಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಬೆರಳು ಹತ್ತಿರ ತಾ. ಚರ್ಮದ ಮೇಲೆ ಜಾರಿಸಿ ಎಳೆಯಬೇಡ. ಖಾಲಿ ಆದಷ್ಟೂ ಹೊಸದು ಬರುತ್ತದೆ, ತುಂಬಿ ನಿಂತರೆ ಮೈ ಸಾಕು ಅಂತ ತಿಳಿದು ನಿಧಾನ ಮಾಡುತ್ತದೆ.

ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ. ಅದರಲ್ಲಿ ಎದೆಹಾಲು ಕುಡಿಸುವ ಭಂಗಿ, ಹಿಡಿತ ತೋರಿಸುವ ವಿಡಿಯೋಗಳು ಭಾರತದ ಹಲವು ಭಾಷೆಗಳಲ್ಲಿವೆ. ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕುಡಿಯಲು ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ಕಡಿಮೆ ಆದರೆ, ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಇಲ್ಲಿ ಕೇಳುತ್ತಾ ಕೂರಬೇಡ, ನೇರ ಆಸ್ಪತ್ರೆಗೆ. ನಿನಗೆ ಜ್ವರ ಬಂದು ಎದೆ ಒಂದು ಕಡೆ ಕೆಂಪಾಗಿ ಗಟ್ಟಿ ಆದರೂ ಅಷ್ಟೇ.

ತುಮಕೂರು ಟೀಚರ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಪುಡಿ ಹಾಲು ಕೊಟ್ಟರೆ ಏನಾಗುತ್ತೆ? ಎಲ್ಲರೂ ಸೇರಿ ಬಾಣಂತಿ ಮೇಲೆ ಭಾರ ಹಾಕುತ್ತಿದ್ದೀರಿ ಅನ್ನಿಸುತ್ತದೆ. ನನ್ನ ತಂಗಿ ಇದೇ ಒತ್ತಡದಲ್ಲಿ ಮೂರು ತಿಂಗಳು ನಿದ್ದೆ ಇಲ್ಲದೆ, ಊಟ ಬಿಟ್ಟು, ಯಾರ ಜೊತೆಯೂ ಮಾತಾಡದೆ ಕೂತಿದ್ದಳು. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಖಿನ್ನತೆ ಅಂದರು.

ಹೆರಿಗೆ ವಾರ್ಡ್ ನರ್ಸಕ್ಕ

ಟೀಚರ್, ನಿಮ್ಮ ತಂಗಿ ಈಗ ಚೆನ್ನಾಗಿದ್ದಾರೆ ಅಂದುಕೊಳ್ಳುತ್ತೇನೆ. ನೀವು ಹೇಳಿದ್ದು ಸರಿ. ತಾಯಿ ಕುಸಿದು ಹೋದರೆ ಯಾವ ಹಾಲೂ ಮಗುವನ್ನು ನೋಡಿಕೊಳ್ಳಲ್ಲ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಅದರ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳಲ್ಲ.

ಪುಡಿ ಹಾಲು ಬೇಕಾದ ಮಗುವಿಗೆ ಬೇಕೇ ಬೇಕು, ನಾನೇ ಕೈಯಾರೆ ಕುಡಿಸಿದ್ದೇನೆ. ನನ್ನ ಸಂಕಟ ಬೇರೆ. ಈ ಹುಡುಗಿ ಕುಡಿಸಬೇಕು ಅಂತ ಆಸೆ ಪಡುತ್ತಿದ್ದಾಳೆ, ಇವಳಿಗೆ ಯಾರೂ ಕಲಿಸಲಿಲ್ಲ. ಕಲಿಸದೇ ಹಾಲಿಲ್ಲ ಅಂದುಬಿಟ್ಟರು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಆರು ತಿಂಗಳು ಎದೆಹಾಲು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮ ವಾರ್ಡಿನ ಗೋಡೆ ಮೇಲೂ ಬರೆದಿದ್ದೇವೆ. ಸಿಸೇರಿಯನ್ ಆದರೂ ತಾಯಿಗೆ ಎಚ್ಚರ ಇದ್ದರೆ, ಇಬ್ಬರೂ ಚೆನ್ನಾಗಿದ್ದರೆ ಟೇಬಲ್ ಮೇಲೇ ಮಗುವನ್ನು ಎದೆಗೆ ಮಲಗಿಸಬಹುದು. ಬರೆದ ಗೋಡೆಯ ಕೆಳಗೇ ಕೂತಿರುವ ತಾಯಿಗೆ ತೋರಿಸಿಕೊಡಲು ನಮಗೆ ಕೈ ಸಾಲುವುದಿಲ್ಲ, ಒಂದೊಂದು ಪಾಳಿಯಲ್ಲಿ ಇಬ್ಬರೇ ಇರುತ್ತೇವೆ. ಅದು ನನಗೆ ದಿನಾ ನೋವು ಕೊಡುವ ವಿಷಯ.

ಇನ್ನೊಂದು, ಎಲ್ಲರಿಗೂ ಗೊತ್ತಿರಲಿ: ನಮ್ಮ ದೇಶದಲ್ಲಿ ಶಿಶು ಹಾಲಿನ ಪುಡಿಗೆ ಜಾಹೀರಾತು ಕೊಡುವುದು, ತಾಯಂದಿರಿಗೆ ಪುಕ್ಕಟೆ ಡಬ್ಬ ಹಂಚುವುದು 1992ರಲ್ಲಿ ಮಾಡಿದ ಕಾನೂನಿಗೆ ವಿರುದ್ಧ. ಯಾರಾದರೂ ಸ್ಯಾಂಪಲ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ಬಾಣಂತನ ಅಜ್ಜಿ, ತೀರ್ಥಹಳ್ಳಿ ಕಡೆ

ಮೊಮ್ಮಗನ ಹತ್ತಿರ ಹೇಳಿ ಬರೆಸುತ್ತಿದ್ದೇನೆ. ನನಗೆ 71. ನನ್ನ ಹೆಣ್ಣುಮಕ್ಕಳದು, ಸೊಸೆಯದು, ಅಕ್ಕಪಕ್ಕದ ಮನೆಯದು ಅಂತ ಇಪ್ಪತ್ತರ ಮೇಲೆ ಬಾಣಂತನ ಮಾಡಿದ್ದೇನೆ.

ಮಗಳೇ, ಕೊಟ್ಟಿಗೆಯಲ್ಲಿ ನೋಡಿಲ್ಲವಾ, ಕರು ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿದ ಮೇಲೇ ಹಸು ಸೊರ ಬಿಡುವುದು. ಹೊಸಬರು ಬಂದು ಗದ್ದಲ ಮಾಡಿದರೆ ಹಸು ಹಾಲು ಏರಿಸಿಕೊಳ್ಳುತ್ತದೆ. ನಮ್ಮದೂ ಹಾಗೇ. ಬಾಣಂತಿ ಕೋಣೆಗೆ ನೋಡಲು ಬರುವವರ ಸಾಲು ಕಡಿಮೆ ಮಾಡಿಸು. ಬಂದವರೆಲ್ಲ "ಹಾಲು ಸಾಕಾಗ್ತದಾ" ಅಂತಲೇ ಕೇಳುವುದು, ಕೇಳಿ ಕೇಳಿ ಇದ್ದ ಹಾಲೂ ಹಿಂಗುತ್ತದೆ.

ನಮ್ಮ ಕಾಲದಲ್ಲಿ ಒಂದು ತಪ್ಪು ಮಾಡಿದ್ದೇವೆ, ಹೇಳಲೇಬೇಕು. ಮೊದಲು ಬರುವ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸುತ್ತಿದ್ದೆವು. ಹಸು ಕರು ಹಾಕಿದರೆ ಗಿಣ್ಣು ಬೇಕು ಅಂತ ಮನೆಮಂದಿಯೆಲ್ಲ ಕಾದು ತಿನ್ನುತ್ತೇವೆ, ನಮ್ಮ ಕೂಸಿಗೆ ನಮ್ಮ ಗಿಣ್ಣು ಕೊಡಲಿಲ್ಲ. ಜೇನುತುಪ್ಪ ನೆಕ್ಕಿಸಿದ್ದೇವೆ, ಸಕ್ಕರೆ ನೀರು ಕೊಟ್ಟಿದ್ದೇವೆ. ಆಸ್ಪತ್ರೆಯವರು ಬೈದು ಹೇಳಿದ ಮೇಲೆ ತಿಳಿಯಿತು, ವರ್ಷ ತುಂಬುವವರೆಗೆ ಜೇನು ಕೊಡಲೇಬಾರದಂತೆ. ನಿನ್ನ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವಳ ತಾಯಿ ಹೇಳಿಕೊಟ್ಟದ್ದನ್ನೇ ಅವಳು ಮಾಡುತ್ತಿದ್ದಾಳೆ.

ಒಳಲೆ ಸಿಕ್ಕಿತಾ? ಸಿಗದಿದ್ದರೆ ಹೇಳು, ನಮ್ಮ ಮನೆಯಲ್ಲಿ ಬೆಳ್ಳಿಯದು ಎರಡು ಇದೆ, ಮೊಮ್ಮಗ ಕೊರಿಯರ್ ಮಾಡುತ್ತಾನಂತೆ.

ಒಂದು ಮಗುವಿನ ಅಪ್ಪ

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಅಕ್ಕ, ನಿಮ್ಮ ಯಜಮಾನರಿಗೆ ಇದನ್ನು ಕಳಿಸಿ. ನನ್ನ ಹೆಂಡತಿ ತವರಲ್ಲಿದ್ದಾಗ ನಾನು ಶನಿವಾರ ಹೋಗಿ ಮಗು ಎತ್ತಿಕೊಂಡು ಫೋಟೋ ತೆಗೆದು ಭಾನುವಾರ ಬಂದುಬಿಡುತ್ತಿದ್ದೆ. ಹಾಲಿನ ವಿಷಯ ಹೆಂಗಸರದು ಅಂದುಕೊಂಡಿದ್ದೆ. ಒಂದು ರಾತ್ರಿ ಅವಳು ಫೋನ್ ಮಾಡಿ ಏನೂ ಮಾತಾಡದೆ ಬರೀ ಅತ್ತಳು. ಮರುದಿನ ಹತ್ತು ದಿನ ರಜೆ ಹಾಕಿ ಹೋದೆ.

ನಾನು ಮಾಡಿದ್ದು ದೊಡ್ಡದೇನಲ್ಲ. ರಾತ್ರಿ ಮಗು ಎದ್ದಾಗ ಎತ್ತಿ ಬಟ್ಟೆ ಬದಲಿಸಿ ಅವಳ ಕೈಗೆ ಕೊಡುವುದು, ದಿಂಬು ಇಡುವುದು, ಕುಡಿಯಲು ನೀರು ಕೊಡುವುದು, ಪಕ್ಕದಲ್ಲಿ ಕೂತು ಮಗುವಿನ ಬಾಯಿ ದೊಡ್ಡದಾಗಿ ತೆರೆಯಿತಾ ಅಂತ ನೋಡಿ ಹೇಳುವುದು. ಕುಡಿಸುವವಳಿಗೆ ಕೆಳತುಟಿ ಕಾಣಲ್ಲ, ಪಕ್ಕದವರಿಗೆ ಕಾಣುತ್ತದೆ. ಕುಡಿದಾದ ಮೇಲೆ ತೇಗಿಸಿ ಮಲಗಿಸುವುದು ನನ್ನದು. ಮತ್ತೆ ಯಾರಾದರೂ ಹಾಲಿನ ಮಾತು ತೆಗೆದರೆ ಮಾತು ಬದಲಿಸುವುದೂ ನನ್ನದೇ. ನಮ್ಮ ಅಮ್ಮನಿಗೆ ನಾನೇ ಫೋನ್ ಮಾಡಿ "ಇನ್ನು ಅದನ್ನು ಕೇಳಬೇಡಮ್ಮ" ಅಂದೆ. ಮಗ ಹೇಳಿದ್ದಕ್ಕೆ ಕೇಳಿದರು, ಸೊಸೆ ಹೇಳಿದ್ದರೆ ಬೇರೆ ಆಗುತ್ತಿತ್ತು.

ಲೀಡ್ಸ್‌ನಿಂದ ಕನ್ನಡತಿ

ನನಗೆ ಇಲ್ಲಿ ಅಮ್ಮನೂ ಇರಲಿಲ್ಲ, ಬಾಣಂತನವೂ ಇರಲಿಲ್ಲ, ವೀಸಾ ತಡವಾಗಿ ಅಮ್ಮ ಬಂದಿದ್ದು ಎರಡು ತಿಂಗಳಿಗೆ. ಆದರೆ ಮಿಡ್‌ವೈಫ್ ಮನೆಗೇ ಬರುತ್ತಿದ್ದರು. ಅವರು ಕುಡಿಸುವುದನ್ನು ಪೂರ್ತಿ ಕೂತು ನೋಡಿ ಮಗುವಿನ ನಾಲಿಗೆ ಕೆಳಗಿನ ಚರ್ಮ ತುಂಬಾ ಬಿಗಿಯಾಗಿದೆ, ಡಾಕ್ಟರಿಗೆ ತೋರಿಸಿ ಅಂದರು. ಹಿಡಿತ ಎಷ್ಟು ಸರಿ ಮಾಡಿದರೂ ನೋವು ಹೋಗದಿದ್ದರೆ ನೀವೂ ಅದನ್ನು ಒಮ್ಮೆ ನೋಡಿಸಿ. ನನ್ನ ಮಗನಿಗೆ ಚಿಕ್ಕದಾಗಿ ಬಿಡಿಸಿದರು, ಆಮೇಲೂ ಒಂದು ವಾರ ಅಭ್ಯಾಸ ಬೇಕಾಯಿತು.

ಊರಲ್ಲಿ ಅಡುಗೆ, ಸ್ನಾನ, ಬಟ್ಟೆ ಎಲ್ಲಕ್ಕೂ ಕೈಗಳಿವೆ, ಹಾಲು ಕುಡಿಸುವುದನ್ನು ಕೂತು ನೋಡುವವರಿಲ್ಲ. ಇಲ್ಲಿ ನನಗೆ ಅದೊಂದೇ ಇತ್ತು, ಬಿಸಿ ಅನ್ನ ಮಾಡಿ ಹಾಕುವವರು ಇರಲಿಲ್ಲ. ಎರಡೂ ಒಂದೇ ಕಡೆ ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೊಳಲ್ಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಇವತ್ತು 21ನೇ ದಿನ.

ಮೊದಲ ಮೂರು ದಿನ ತುಂಬಾ ಕಷ್ಟ ಆಯಿತು, ಸುಳ್ಳು ಹೇಳಲ್ಲ. ಕಂಕುಳಲ್ಲಿ ಹಿಡಿಯಲು ಹೋದರೆ ದಿಂಬು ಜಾರುತ್ತಿತ್ತು, ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. 14ನೇ ದಿನ ಆಶಾ ಅಕ್ಕ ಬಂದರು, ತೂಕ 2.81. ಅವರು ಹೋಗುವ ಬದಲು ಕೂತೇಬಿಟ್ಟರು. ಪಕ್ಕದ ಮನೆಯಿಂದ ಗಟ್ಟಿ ದಿಂಬು ತರಿಸಿ ಮಗುವನ್ನು ಎತ್ತರಕ್ಕೆ ಇಟ್ಟರು, ನನ್ನ ಭುಜ ಹಿಂದಕ್ಕೆ ಒರಗಿಸಿದರು. ನಾನು ಇಷ್ಟು ದಿನ ಮಗುವಿನ ಕಡೆ ಬಗ್ಗಿ ಬಗ್ಗಿ ಕುಡಿಸುತ್ತಿದ್ದೆ. ನಾಲ್ಕನೇ ಸಲಕ್ಕೆ ಹಿಡಿದಳು. ಗುಟುಕು ಸದ್ದು ಕೇಳಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಹತ್ತಿರ ಬಂದು ಕೂತು ಕೆಳತುಟಿ ನೋಡಿ "ಈಗ ಸರಿ ಇದೆ ನೋಡೇ" ಅಂದರು. ಈಗ ಪ್ರತಿ ಸಲ ಅವರೇ ಟಾರ್ಚ್ ಹಿಡಿದು ತುಟಿ ನೋಡುತ್ತಾರೆ.

ಒಳಲೆ ಅಟ್ಟದ ಮೇಲೆ ಸಿಕ್ಕಿತು, ಅಜ್ಜಿ. ನನಗೆ ಕುಡಿಸಿದ್ದೇ ಅದರಲ್ಲಂತೆ. ನಿಮ್ಮ ಮನಸ್ಸು ದೊಡ್ಡದು.

ಬಲಗಡೆ ಸೀಳು ಪೂರ್ತಿ ಮಾಯಿತು, ಎಡಗಡೆ ಇನ್ನೂ ಸ್ವಲ್ಪ ಇದೆ. ಇವತ್ತು ತೂಕ 3.02. ಪುಡಿ ಹಾಲನ್ನು ಡಾಕ್ಟರಿಗೆ ಕೇಳಿಕೊಂಡೇ ಇಳಿಸುತ್ತಾ ಬಂದೆವು, ಈಗ ರಾತ್ರಿ ಒಂದೇ ಸಲ, 30 ಎಂಎಲ್. ಮುಂದಿನ ವಾರ ಅದನ್ನೂ ಬಿಡಬಹುದು ಅಂದಿದ್ದಾರೆ. ವಿಟಮಿನ್ ಡಿ ಹನಿ ಶುರು ಮಾಡಿದ್ದೇವೆ. ತುಮಕೂರು ಟೀಚರ್, ನಿಮ್ಮ ಮಾತು ಓದಿದ ದಿನ ನಾನು ಎರಡು ಗಂಟೆ ಚೆನ್ನಾಗಿ ಮಲಗಿದೆ, ಅಮ್ಮನೇ ನೋಡಿಕೊಂಡರು. ಅದೂ ಬೇಕಾಗಿತ್ತು.

ಇವರು ನಿನ್ನೆ ರಜೆ ಹಾಕಿ ಬಂದಿದ್ದಾರೆ. ರಾತ್ರಿ ತೇಗಿಸುವುದು ಈಗ ಅವರ ಪಾಲು.

ನರ್ಸಕ್ಕ, ಇನ್ನೊಂದು ಪ್ರಶ್ನೆ. ನಿನ್ನೆ ಮೊನ್ನೆಯಿಂದ ಸಂಜೆ ಆರರಿಂದ ಹತ್ತರವರೆಗೆ ಬಿಡದೇ ಎದೆಯಲ್ಲೇ ಇರುತ್ತಾಳೆ, ಬಿಡಿಸಿದರೆ ಅಳು. ಒದ್ದೆ ಬಟ್ಟೆ ಎಂಟು ಆಗುತ್ತಿದೆ. ಮತ್ತೆ ಹಾಲು ಕಡಿಮೆ ಆಯ್ತಾ?

ಹೆರಿಗೆ ವಾರ್ಡ್ ನರ್ಸಕ್ಕ

3.02! ಡ್ಯೂಟಿ ಮುಗಿಸಿ ಬಸ್ಸಲ್ಲಿ ಓದುತ್ತಿದ್ದೇನೆ, ಕಣ್ಣು ತುಂಬಿ ಬಂತು. 14ನೇ ದಿನದಿಂದ ದಿನಕ್ಕೆ 30 ಗ್ರಾಂ ಏರಿದ್ದಾಳೆ.

ಕಡಿಮೆ ಆಗಿಲ್ಲ ತಂಗಿ. ಎರಡು ಮೂರು ವಾರಕ್ಕೆ, ಆಮೇಲೆ ಆರು ವಾರದ ಸುಮಾರಿಗೆ ಮಕ್ಕಳು ಸಂಜೆ ಹೊತ್ತು ಹೀಗೆ ಬಿಟ್ಟೂಬಿಡದೆ ಕುಡಿಯುತ್ತಾರೆ. ನಾಳೆ ಜಾಸ್ತಿ ಬೇಕು ಅಂತ ಇವತ್ತೇ ಹೇಳಿಟ್ಟ ಹಾಗೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಕಡಿಮೆ ಆಗುತ್ತದೆ. ಎಂಟು ಒದ್ದೆ ಬಟ್ಟೆ, ಏರುವ ತೂಕ ಇದ್ದರೆ ಆ ಹೊತ್ತಲ್ಲಿ ಪುಡಿ ಹಾಲಿನ ಡಬ್ಬದ ಕಡೆ ಹೋಗಬೇಡ. ಸಂಜೆ ಐದೂವರೆಗೇ ಊಟ ಮುಗಿಸಿ, ನೀರು ಪಕ್ಕದಲ್ಲಿಟ್ಟುಕೊಂಡು, ಪಕ್ಕಕ್ಕೆ ಮಲಗಿ ಕುಡಿಸುವುದನ್ನು ಕಲಿ. ನೀನು ಒಂದು ಮಗ್ಗುಲಿಗೆ ಮಲಗು, ಮಗು ನಿನ್ನ ಎದುರಿಗೆ ಹೊಟ್ಟೆಗೆ ಹೊಟ್ಟೆ ತಾಗಿಸಿ, ಮೂಗು ತೊಟ್ಟಿನ ಎದುರು. ಹೊಲಿಗೆಗೂ ಹಾಯಾಗುತ್ತದೆ. ಅಮ್ಮ ಟಾರ್ಚ್ ಹಿಡಿದು ಪಕ್ಕದಲ್ಲಿ ಎಚ್ಚರ ಇರಲಿ, ನೀನು ನಿದ್ದೆ ಹೋದರೆ ಮಗುವನ್ನು ಎತ್ತಿ ಅದರ ಜಾಗದಲ್ಲಿ ಮಲಗಿಸಲಿ.

ಎಡಗಡೆ ಸೀಳು ಇನ್ನೊಂದು ವಾರಕ್ಕೂ ಮಾಯದಿದ್ದರೆ ಹೇಳು, ಆ ಕಡೆ ಹಿಡಿಯುವುದನ್ನು ಬೇರೆ ರೀತಿ ನೋಡೋಣ.